ಹೊಸ ಮೀನು ಮಂಕಾಗಿದೆಯೇ? ಉಪ್ಪುನೀರಿನ ಟ್ಯಾಂಕಿನ ಮೊದಲ ಹತ್ತು ದಿನಗಳ ದೋಷ ನಿವಾರಣೆ ಕೈಪಿಡಿ

ಶನಿವಾರ ಸಂಜೆ ಅಂಗಡಿಯಿಂದ ಕವರಿನಲ್ಲಿ ತಂದ ಮೀನು. ಅಲ್ಲಿ ಹಳದಿ ಹಳದಿಯಾಗಿ ಹೊಳೆಯುತ್ತಿತ್ತು. ಮನೆಯ ಟ್ಯಾಂಕಿಗೆ ಬಿಟ್ಟು ಅರ್ಧ ಗಂಟೆಯಾಗಿದೆ. ಈಗ ಕಂದು ಬಣ್ಣಕ್ಕೆ ತಿರುಗಿ ಕಲ್ಲಿನ ಸಂದಿಗೆ ಸೇರಿಕೊಂಡಿದೆ. ಹಾಕಿದ ಊಟ ಮುಟ್ಟಿಲ್ಲ. ಮನೆಯವರೆಲ್ಲ ಗಾಜಿನ ಮುಂದೆ ನಿಂತು "ಏನಾಯ್ತು ಇದಕ್ಕೆ?" ಅಂತ ಕೇಳುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ. ಯಾವುದೋ ಬಾಟಲಿಯ ಔಷಧಿ ಹಾಕೋಣ ಅನಿಸುತ್ತದೆ, ಕಲ್ಲು ಎತ್ತಿ ನೋಡೋಣ ಅನಿಸುತ್ತದೆ.

ದಯವಿಟ್ಟು ಎರಡೂ ಬೇಡ. ನಾನು ಬೆಂಗಳೂರಿನ ಮನೆಯಲ್ಲಿ ಹನ್ನೊಂದು ವರ್ಷದಿಂದ ಮರೈನ್ ಟ್ಯಾಂಕ್ ಇಟ್ಟಿದ್ದೇನೆ. ಹೊಸ ಮೀನಿಗೆ ಮೊದಲು ಬೇಕಾದದ್ದು ಕತ್ತಲು, ನಿಶ್ಶಬ್ದ, ಉಸಿರಾಡಲು ಗಾಳಿ. ಔಷಧಿಯ ಮಾತು ಅಳತೆ ಮಾಡಿದ ಮೇಲೆ. ಕೆಳಗಿರುವುದೆಲ್ಲ ಇದೇ ಕ್ರಮದಲ್ಲಿದೆ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ಪರೀಕ್ಷೆಯಿಂದ ಕಷ್ಟದ್ದರ ಕಡೆಗೆ ಹೋಗೋಣ.

ಎಲ್ಲಕ್ಕಿಂತ ಮೊದಲು: ಉಸಿರು ಎಣಿಸಿ

ಟ್ಯಾಂಕಿನಿಂದ ನಾಲ್ಕೈದು ಅಡಿ ದೂರ ಕುಳಿತುಕೊಳ್ಳಿ. ಅಲುಗಾಡಬೇಡಿ. ಮೀನಿನ ಕೆನ್ನೆಯ ಹಿಂದೆ ಕಿವಿರಿನ ಮುಚ್ಚಳ ತೆರೆದು ಮುಚ್ಚುತ್ತಿರುತ್ತದೆ. ಮೊಬೈಲಿನಲ್ಲಿ ಟೈಮರ್ ಇಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಅದೇ ಗಾತ್ರದ ಹಳೇ ಮೀನು ಟ್ಯಾಂಕಿನಲ್ಲಿದ್ದರೆ ಅದರದ್ದೂ ಎಣಿಸಿ. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಗಾಜಿಗೆ ಅಂಟಿಸಿ. ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ.

ಉಸಿರು ಹಳೇ ಮೀನಿನಷ್ಟೇ ಇದ್ದರೆ, ಬಣ್ಣ ಎಷ್ಟೇ ಮಾಸಿರಲಿ, ಕಾಯಬಹುದು. ಜಾಸ್ತಿ ಇದ್ದು ಗಂಟೆಯಿಂದ ಗಂಟೆಗೆ ಇಳಿಯುತ್ತಿದ್ದರೂ ಕಾಯಬಹುದು. ಪ್ರಯಾಣದ ಆಯಾಸ ಅದು. ಆದರೆ ಉಸಿರು ಏರುತ್ತಲೇ ಇದ್ದರೆ, ಬಾಯಿ ತೆರೆದೇ ಇದ್ದರೆ, ಒಂದು ಕಡೆಯ ಕಿವಿರು ಮಾತ್ರ ಆಡುತ್ತಿದ್ದರೆ, ಬೇರೆಲ್ಲ ಬಿಟ್ಟು ನೇರವಾಗಿ ಕೆಳಗಿನ "ಏದುಸಿರು" ಭಾಗಕ್ಕೆ ಹೋಗಿ.

ಈ ಒಂದು ಚೀಟಿ ನನಗೆ ಯಾವ ಟೆಸ್ಟ್ ಕಿಟ್‌ಗಿಂತಲೂ ಹೆಚ್ಚು ಸಲ ದಾರಿ ತೋರಿಸಿದೆ.

ಟ್ಯಾಂಕಿಗೆ ಕೈ ಹಾಕುವ ಮುನ್ನ

ಉಪ್ಪುನೀರಿನಲ್ಲಿ ಕರೆಂಟ್ ಸಿಹಿನೀರಿಗಿಂತ ಎಷ್ಟೋ ಸುಲಭವಾಗಿ ಹರಿಯುತ್ತದೆ. ಹೀಟರ್, ಪಂಪ್, ವೇವ್‌ಮೇಕರ್ (ನೀರಿನಲ್ಲಿ ಅಲೆ ಎಬ್ಬಿಸುವ ಫ್ಯಾನ್) ಎಲ್ಲದರ ಪ್ಲಗ್ ಕಿತ್ತ ಮೇಲೆ ಕೈ ಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನೀರು ಮುಟ್ಟಿದಾಗ ಬೆರಳಿನ ಗಾಯದಲ್ಲಿ ಜುಂ ಅಂದರೆ ಯಾವುದೋ ಉಪಕರಣ ಸೋರುತ್ತಿದೆ ಎಂದರ್ಥ. ಮನೆಗೆ ಅರ್ಥಿಂಗ್ ಸರಿ ಇದೆಯೇ, ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ವೈರು ಸಾಕೆಟ್‌ಗೆ ಹೋಗುವ ಮೊದಲು ಕೆಳಗೆ ಜೋತುಬಿದ್ದು ಮೇಲೆ ಹೋಗುವಂತಿರಲಿ. ಆಗ ಸೋರಿದ ನೀರು ಸಾಕೆಟ್ ಸೇರದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಹೀಟರ್ ಬಿಸಿ ಇರುವಾಗ ನೀರಿನಿಂದ ಹೊರಗೆ ತೆಗೆದರೆ ಗಾಜು ಬಿರಿಯುತ್ತದೆ. ಪ್ಲಗ್ ಕಿತ್ತು ಹದಿನೈದು ನಿಮಿಷ ಬಿಡಿ.

ಇನ್ನೊಂದು ಮಾತು. ಫಾಕ್ಸ್‌ಫೇಸ್ ಮತ್ತು ಲಯನ್‌ಫಿಶ್‌ಗೆ ಬೆನ್ನಿನ ಮುಳ್ಳಿನಲ್ಲಿ ವಿಷ ಇದೆ. ಹೆದರಿದ ಹೊಸ ಮೀನು ಮುಳ್ಳು ನಿಮಿರಿಸಿಕೊಂಡೇ ಇರುತ್ತದೆ. ಚುಚ್ಚಿದರೆ ಆ ಕೈಯನ್ನು ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ಮೀರದಂತೆ, ಮುಳುಗಿಸಿ ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಕಾಯಲೇಬೇಡಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ. ಟ್ಯಾಂಕಿನ ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಗಾಯದೊಳಗೆ ಹೋಗಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಎಬ್ಬಿಸುತ್ತದೆ.

ಬಣ್ಣ ಮಾಸಿದೆ, ಮೂಲೆಯಲ್ಲಿ ನಿಂತಿದೆ

ಉಸಿರು ಸರಿ ಇದ್ದರೆ ಇದು ಕಾಯಿಲೆಯಲ್ಲ, ಭಯ.

ನನ್ನ ಫಾಕ್ಸ್‌ಫೇಸ್ ಬಂದ ದಿನ ಹೇಗಿತ್ತು ಅಂದರೆ, ಹಳದಿ ಮೈಯ ಮೇಲೆ ಯಾರೋ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಕಲೆಗಳು. ಕಲ್ಲಿಗೆ ಒರಗಿ, ಎಲ್ಲ ಮುಳ್ಳು ನಿಮಿರಿಸಿಕೊಂಡು, ಕಣ್ಣು ಮಾತ್ರ ತಿರುಗಿಸುತ್ತಿತ್ತು. ನೋಡಿದವರು ಇದು ಇವತ್ತು ರಾತ್ರಿ ದಾಟುವುದಿಲ್ಲ ಅಂದರು. ಲೈಟ್ ಆರಿಸಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಾಲದ ಕಡೆಯಿಂದ ಹಳದಿ ಮರಳುತ್ತಾ ಬಂತು. ಆ ಕಲೆ ಅದರ ಮರೆಮಾಚುವ ವೇಷ. ಹೆದರಿದಾಗ, ರಾತ್ರಿ ಮಲಗುವಾಗ ಹಾಗೇ ಹಾಕಿಕೊಳ್ಳುತ್ತದೆ.

ಬ್ಲೂ ಟ್ಯಾಂಗ್ ಕಲ್ಲಿನ ನಡುವೆ ಪಕ್ಕಕ್ಕೆ ಬಿದ್ದುಕೊಂಡು ಸತ್ತಂತೆ ನಟಿಸುತ್ತದೆ. ರಾಯಲ್ ಗ್ರಾಮಾ ಗುಹೆಯ ಚಾವಣಿಗೆ ಹೊಟ್ಟೆ ತಾಗಿಸಿ ತಲೆಕೆಳಗಾಗಿ ಈಜುತ್ತದೆ. ಕ್ಲೌನ್ ಮೀನು ಒಂದು ಮೇಲಿನ ಮೂಲೆ ಹಿಡಿದು ಅಲ್ಲೇ ಓರೆಯಾಗಿ ನಿದ್ದೆ ಮಾಡುತ್ತದೆ. ಜೋಡಿ ಕ್ಲೌನ್‌ಗಳಲ್ಲಿ ಚಿಕ್ಕದು ದೊಡ್ಡದರ ಮುಂದೆ ಮೈ ನಡುಗಿಸುತ್ತದೆ. ಫಿಟ್ಸ್ ಬಂದಿದೆ ಅಂತ ಹೆದರಬೇಡಿ, "ನೀನೇ ದೊಡ್ಡವಳು" ಅಂತ ಒಪ್ಪಿಕೊಳ್ಳುವ ರೀತಿ ಅದು.

ಮಾಡಬೇಕಾದದ್ದು ಇಷ್ಟೇ. ಟ್ಯಾಂಕಿನ ಲೈಟನ್ನು ಆ ದಿನ ಪೂರ್ತಿ ಆರಿಸಿ. ಹವಳಗಳಿದ್ದರೂ ಒಂದೆರಡು ದಿನದ ಕತ್ತಲಿಗೆ ಏನೂ ಆಗುವುದಿಲ್ಲ. ಟಿವಿ ಅದೇ ಹಾಲ್‌ನಲ್ಲಿದ್ದರೆ ಶಬ್ದ ಕಡಿಮೆ ಇಡಿ. ಮಕ್ಕಳು ಗಾಜು ತಟ್ಟದಂತೆ ನೋಡಿಕೊಳ್ಳಿ. ಮೂರು ಕಡೆಯ ಗಾಜಿಗೆ ಹಳೇ ನ್ಯೂಸ್‌ಪೇಪರ್ ಅಂಟಿಸಿದರೆ ಇನ್ನೂ ಒಳ್ಳೆಯದು. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲದ ಟ್ಯಾಂಕಾದರೆ ಪಿವಿಸಿ ಪೈಪಿನ ಎಲ್ಬೋ ಒಂದೆರಡು ತೊಳೆದು ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಗಮ್ ಹಚ್ಚದೇ ಇರುವ ಹೊಸದು ಬೇಕು. ಸಂದಿ ಇದೆ ಅಂತ ಗೊತ್ತಾದರೆ ಮೀನು ಹೊರಗೆ ಬರುವ ಧೈರ್ಯ ಮಾಡುತ್ತದೆ.

ಮೂರು ದಿನವಾದರೂ ಬಣ್ಣ ಬರಲಿಲ್ಲ, ಕಣ್ಣು ಮಂಜಾಗುತ್ತಿದೆ, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡೇ ಇದೆ ಅಂದರೆ ಆಗ ನೀರು ಪರೀಕ್ಷೆ ಮಾಡಿ.

ಮೀನೇ ಕಾಣುತ್ತಿಲ್ಲ

ಮೊದಲು ನೆಲ ನೋಡಿ. ಸೋಫಾ ಕೆಳಗೆ, ಸ್ಟ್ಯಾಂಡಿನ ಹಿಂದೆ. ಫೈರ್‌ಫಿಶ್, ಗೋಬಿ, ರಾಸ್ ಇವೆಲ್ಲ ಹೆದರಿದಾಗ ಹಾರುವ ಜಾತಿ. ಒಂದು ಬೆರಳಿನಷ್ಟು ಸಂದಿ ಸಾಕು. ನೆಲದಲ್ಲಿ ಸಿಕ್ಕ ಮೀನಿನ ಮೈ ಇನ್ನೂ ಒದ್ದೆ ಇದ್ದರೆ ಸತ್ತಿದೆ ಅಂತ ತೀರ್ಮಾನಿಸಬೇಡಿ. ಕೈ ಒದ್ದೆ ಮಾಡಿಕೊಂಡು ಎತ್ತಿ ಟ್ಯಾಂಕಿಗೆ ಬಿಡಿ. ಎಷ್ಟೋ ಮೀನು ಹಾಗೆ ಬದುಕಿವೆ. ಆಮೇಲೆ ನೀರು ಹರಿದು ಹೋಗುವ ಓವರ್‌ಫ್ಲೋ ಡಬ್ಬಿ, ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿ (ಸಂಪ್), ಕಸ ಹಿಡಿಯುವ ಫಿಲ್ಟರ್ ಸಾಕ್ಸ್ ನೋಡಿ.

ಅಲ್ಲೆಲ್ಲೂ ಇಲ್ಲ ಅಂದರೆ ಯಾವ ಮೀನು ಎಂಬುದು ಮುಖ್ಯ. ಹಳದಿ ರಾಸ್‌ನಂಥವು ಮರಳಿನೊಳಗೆ ಮಲಗುತ್ತವೆ. ಹೊಸ ಜಾಗದಲ್ಲಿ ಮೂರು ನಾಲ್ಕು ದಿನ ಮೇಲೆ ಬರದೇ ಇರುವುದುಂಟು. ದೂರ ದೇಶದಿಂದ ಬಂದ ಮೀನಿಗೆ ಹಗಲು ರಾತ್ರಿಯ ಲೆಕ್ಕವೂ ತಪ್ಪಿರುತ್ತದೆ. ನಿಮ್ಮ ನಡುರಾತ್ರಿ ಅದಕ್ಕೆ ಬೆಳಗ್ಗೆ. ನನ್ನ ಮೊದಲ ಹಳದಿ ರಾಸ್ ಎರಡು ದಿನ ಕಾಣಲಿಲ್ಲ ಅಂತ ನಾನು ಮರಳು ಕೆದಕಿದೆ. ಅದು ಎದ್ದು ಗಾಜಿಗೆ ಬಡಿದುಕೊಂಡು ಬಾಯಿ ಗಾಯ ಮಾಡಿಕೊಂಡಿತು. ಆ ಬಾಯಿಂದ ಊಟ ಮಾಡಲು ಅದಕ್ಕೆ ಆಗಲೇ ಇಲ್ಲ. ಆ ಮೀನಿನ ನೆನಪು ನನಗೆ ಈಗಲೂ ನೋವು. ಮರಳು ಕೆದಕಬೇಡಿ, ಕಲ್ಲು ಎತ್ತಬೇಡಿ.

ಬದಲಿಗೆ ಅಮೋನಿಯಾ ಪರೀಕ್ಷೆ ಮಾಡಿ. ಚಿಕ್ಕ ಟ್ಯಾಂಕಿನಲ್ಲಿ ಸತ್ತು ಕೊಳೆಯುತ್ತಿದ್ದರೆ ಅಮೋನಿಯಾ ಏರುತ್ತದೆ, ಶಂಖುಹುಳು, ಏಡಿಗಳೆಲ್ಲ ಒಂದೇ ಕಡೆ ಗುಂಪುಗೂಡುತ್ತವೆ. ಹಾಗಿಲ್ಲದಿದ್ದರೆ ಹತ್ತು ದಿನ ಕಾಯಿರಿ. ರಾತ್ರಿ ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ ನೋಡಿ, ಕೆಂಪು ಬೆಳಕಿಗೆ ಹೆಚ್ಚಿನ ಮೀನು ಬೆದರುವುದಿಲ್ಲ. ಸಿಕ್ಸ್‌ಲೈನ್ ರಾಸ್ ಲೋಳೆಯ ಗೂಡು ಕಟ್ಟಿಕೊಂಡು ಮಲಗಿರುವುದು ಕಂಡೀತು. ಅದೂ ಕಾಯಿಲೆಯಲ್ಲ.

ಏದುಸಿರು, ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯುತ್ತಿದೆ

ಕಾಯಬಾರದ ಲಕ್ಷಣ ಇದು. ಕ್ರಮವಾಗಿ ನೋಡುತ್ತಾ ಹೋಗಿ. ಮೊದಲ ಮೂರಕ್ಕೆ ಹತ್ತು ನಿಮಿಷ ಸಾಕು.

ಹಳೇ ಮೀನುಗಳೂ ಏದುಸಿರು ಬಿಡುತ್ತಿವೆಯೇ? ಹೌದಾದರೆ ತೊಂದರೆ ನೀರಿನಲ್ಲಿದೆ. ಹೊಸದು ಮಾತ್ರ ಅಂದರೆ ಪ್ರಯಾಣದ ಪೆಟ್ಟು, ಉಪ್ಪಿನ ವ್ಯತ್ಯಾಸ, ಇಲ್ಲವೇ ಮೈಗೆ ಹತ್ತಿರುವ ಪರೋಪಜೀವಿ.

ಗಾಳಿ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಿಮೆ. ವೇವ್‌ಮೇಕರ್ ಮೂತಿಯನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕುಲುಕಾಡಲಿ. ಮೇಲೆ ಎಣ್ಣೆಯಂಥ ಪದರ ಕಟ್ಟಿದ್ದರೆ ಟಿಶ್ಯೂ ಪೇಪರ್ ಹಾಸಿ ತೆಗೆಯಿರಿ. ಏರ್ ಪಂಪ್ ಇದ್ದರೆ ಹಚ್ಚಿ. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತಿತ್ತೇ ಅಂತ ಯೋಚಿಸಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲೇಬೇಕು. ಯುಪಿಎಸ್‌ಗೆ ಒಂದು ವೇವ್‌ಮೇಕರ್ ಕೊಟ್ಟಿಟ್ಟರೂ ಸಾಕು.

ಬಿಸಿ. ಥರ್ಮಾಮೀಟರ್ ನೋಡಿ. 25ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ ಮನೆಯೊಳಗಿನ ಟ್ಯಾಂಕ್ 30 ದಾಟುವುದು ಕಷ್ಟವಲ್ಲ. ಮುಚ್ಚಳ ತೆಗೆದು ನೆಟ್ ಹಾಸಿ, ಟೇಬಲ್ ಫ್ಯಾನನ್ನು ನೀರಿನ ಮೇಲೆ ಬೀಸುವಂತೆ ಇಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ಹಾಕಿ ಒಮ್ಮೆಲೇ ತಣ್ಣಗೆ ಮಾಡಬೇಡಿ. ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ತುಂಬಿಸುವಾಗ ಸಿಹಿನೀರಿನ ಆರ್‌ಒ ನೀರೇ ತುಂಬಿಸಿ, ಉಪ್ಪುನೀರಲ್ಲ.

ಕೋಣೆಯಲ್ಲಿ ಏನು ಉರಿಯಿತು, ಏನು ಸಿಂಪಡಿಸಿದಿರಿ? ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆತ್ರಾಯ್ಡ್ ಜಾತಿಯ ಔಷಧಿ ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ವಿಷ. ಏರ್ ಪಂಪ್ ಮತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಉಪಕರಣ) ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ಅನುಮಾನ ಬಂದರೆ ಕಿಟಕಿ ತೆರೆಯಿರಿ, ಫಿಲ್ಟರಿಗೆ ಹೊಸ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕಿ, ಕಾಲು ಭಾಗ ನೀರು ಬದಲಿಸಿ. ಟ್ಯಾಂಕ್ ಇರುವ ಕೋಣೆಗೆ ಸೊಳ್ಳೆಪರದೆಯೇ ಸರಿ.

ಅಮೋನಿಯಾ. ಇಲ್ಲಿಂದ ಟೆಸ್ಟ್ ಕಿಟ್ ಬೇಕು. ಸೊನ್ನೆ ಬರಬೇಕು. ಸ್ವಲ್ಪವೇ ಹಸಿರು ಕಂಡರೂ ಹೊಸ ಟ್ಯಾಂಕಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿಲ್ಲ, ಇಲ್ಲವೇ ಒಮ್ಮೆಗೇ ಜಾಸ್ತಿ ಮೀನು ಬಿಟ್ಟಿದ್ದೀರಿ, ಇಲ್ಲವೇ ಎಲ್ಲೋ ಏನೋ ಕೊಳೆಯುತ್ತಿದೆ. ಅದೇ ಉಪ್ಪು, ಅದೇ ಬಿಸಿಯ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ, ಊಟ ನಿಲ್ಲಿಸಿ, ಮರುದಿನ ಮತ್ತೆ ಅಳೆಯಿರಿ. ನೈಟ್ರೈಟ್ ಸ್ವಲ್ಪ ಕಂಡರೆ ಅಷ್ಟು ಗಾಬರಿ ಬೇಡ. ಉಪ್ಪುನೀರಿನ ಕ್ಲೋರೈಡ್ ಅದನ್ನು ಮೀನಿನ ಮೈಯೊಳಗೆ ಹೋಗಗೊಡುವುದಿಲ್ಲ.

ಕವರಿನೊಳಗೆ ಏನಾಗುತ್ತದೆ ಅನ್ನುವುದೂ ಗೊತ್ತಿರಬೇಕು. ಮುಚ್ಚಿದ ಕವರಿನಲ್ಲಿ ಮೀನು ಉಸಿರಾಡಿದ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ನೀರಿನ ಪಿಎಚ್ ಇಳಿಯುತ್ತದೆ. ಪಿಎಚ್ ಕಡಿಮೆ ಇರುವಾಗ ಅಮೋನಿಯಾ ಹೆಚ್ಚುಪಾಲು ತೊಂದರೆ ಕೊಡದ ರೂಪದಲ್ಲಿರುತ್ತದೆ. ಕವರ್ ಬಿಚ್ಚಿದ ಕೂಡಲೇ ಆ ಗಾಳಿ ಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಪಿಎಚ್ 7ರಲ್ಲಿ ಇದ್ದದ್ದಕ್ಕಿಂತ 8.2ರಲ್ಲಿ ವಿಷದ ಪಾಲು ಹತ್ತು ಪಟ್ಟಿಗೂ ಹೆಚ್ಚು. ಅದಕ್ಕೇ ಕೊರಿಯರ್‌ನಲ್ಲಿ ಒಂದು ದಿನ ಪ್ರಯಾಣ ಮಾಡಿ ಬಂದ ಮೀನನ್ನು ಬಕೆಟ್ಟಿಗೆ ಸುರಿದು ಎರಡು ಮೂರು ಗಂಟೆ ಹನಿ ಹನಿ ನೀರು ಬಿಡುವುದು ತಪ್ಪು. ಮುಚ್ಚಿದ ಕವರನ್ನು ನೀರಿನ ಮೇಲೆ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ ಬಿಸಿ ಸರಿಹೊಂದಿಸಿ. ಬಿಚ್ಚಿದ ಮೇಲೆ ತಡ ಮಾಡದೆ, ಅದೇ ಉಪ್ಪಿನ ಅಳತೆ ಇರುವ ನೀರಿಗೆ ಬಿಡಿ. ಕವರಿನ ನೀರು ಟ್ಯಾಂಕಿಗೆ ಸೇರಬಾರದು. ಪಕ್ಕದ ಬೀದಿಯ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗಾದರೆ ನಿಧಾನವಾಗಿ ಹನಿ ಬಿಡಬಹುದು.

ಉಪ್ಪಿನ ಅಳತೆ. ನನಗೆ ಅತಿ ಹೆಚ್ಚು ಮೀನು ಕಳೆದದ್ದು ಇದರಿಂದ. ಸಿಹಿನೀರು 1 ಆದರೆ ಉಪ್ಪುನೀರು ಎಷ್ಟು ಭಾರ ಅನ್ನುವ ಲೆಕ್ಕದಲ್ಲಿ ನಮ್ಮ ಟ್ಯಾಂಕು ಸಮುದ್ರದ ಹಾಗೆ 1.025 ಇರುತ್ತದೆ. ಅಂಗಡಿಗಳು ಉಪ್ಪಿನ ಖರ್ಚು ಉಳಿಸಲು, ಪರೋಪಜೀವಿ ಕಡಿಮೆ ಇರಲಿ ಅಂತಲೂ, 1.018 ಅಥವಾ 1.020ರಲ್ಲಿ ಇಡುವುದುಂಟು. ಒಮ್ಮೆ ಒಂದು ಅಂಗಡಿಯಲ್ಲಿ ಕೇಳಿದೆ, "1.025 ಇದೆ ಸರ್" ಅಂದರು. ನಂಬಿ ಅರ್ಧ ಗಂಟೆಯಲ್ಲಿ ಬಿಟ್ಟೆ. ಎರಡನೇ ದಿನ ಬೆಳಗ್ಗೆ ಎರಡು ಕ್ರೋಮಿಸ್ ಮೀನು ಮರಳಿನ ಮೇಲೆ ಮಲಗಿದ್ದವು. ಎಸೆಯದೆ ಉಳಿಸಿದ್ದ ಕವರಿನ ನೀರನ್ನು ಆಗ ಅಳೆದೆ. 1.018. ಉಪ್ಪು ಕಡಿಮೆ ಇರುವ ಕಡೆಗೆ ಹೋದರೆ ಮೀನು ತಡೆಯುತ್ತದೆ. ಒಮ್ಮೆಲೇ ಹೆಚ್ಚಾದರೆ ಮೈಯ ನೀರು ಹೊರಗೆ ಎಳೆದು ಒಣಗಿಸುತ್ತದೆ, ಅದರ ಪೆಟ್ಟು ಕಾಣುವುದು ಒಂದೆರಡು ದಿನದ ಮೇಲೆ. ಬೇರೆ ಚಿಕ್ಕ ಟ್ಯಾಂಕನ್ನು ಅಂಗಡಿಯ ಉಪ್ಪಿಗೆ ಹೊಂದಿಸಿ ಮೀನು ಬಿಟ್ಟು, ದಿನಕ್ಕೆ 0.001 ಅಥವಾ 0.002ರಂತೆ ಏರಿಸಿ. ಉಪ್ಪು ಅಳೆಯುವ ನಿಮ್ಮ ರಿಫ್ರ್ಯಾಕ್ಟೋಮೀಟರ್ ಸರಿ ಇದೆಯೇ ಅನ್ನುವುದನ್ನು 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣದಿಂದ ನೋಡಿ. ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಮೇಲಿನ ತುದಿಯಲ್ಲಿ ತಪ್ಪು ತೋರಿಸಬಹುದು.

ನೀರಿನ ಮೂಲ. ಇದಕ್ಕೆ ಕೊನೆಯಲ್ಲಿ ಬಂದರೂ ಮರೆಯಬೇಡಿ. ಅಡುಗೆಮನೆಯ ಆರ್‌ಒ ಮಷಿನ್ನಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಕಂಟ್ರೋಲರ್ ಇದ್ದರೆ ಅದು ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಈಗ ತಾಮ್ರ ಸೇರಿಸುವ ಮಷಿನ್ನುಗಳೂ ಬಂದಿವೆ. ನಮಗೆ ಒಳ್ಳೆಯದೋ ಏನೋ, ಸೀಗಡಿ, ಶಂಖುಹುಳು, ಹವಳಕ್ಕೆ ತಾಮ್ರ ವಿಷ. ಟ್ಯಾಂಕಿಗೆ ಉಳಿದ ಲವಣವನ್ನೂ ಹೀರುವ ಡಿಐ ಕಾರ್ಟ್ರಿಜ್ ಇರುವ ಬೇರೆ ಆರ್‌ಒ ಬೇಕು, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು.

ಇಷ್ಟೆಲ್ಲ ಸರಿ ಇದ್ದೂ ಉಸಿರು ಇಳಿಯಲಿಲ್ಲವೇ? ಹಾಗಾದರೆ "ಬಿಳಿ ಚುಕ್ಕಿ" ಭಾಗ ಓದಿ. ಚುಕ್ಕಿ ಕಾಣದಿದ್ದರೂ ಓದಿ.

ಊಟ ಮುಟ್ಟುತ್ತಿಲ್ಲ

ಎರಡು ಮೂರು ದಿನ ತಿನ್ನದಿರುವುದು ಮಾಮೂಲಿ. ಹೊಸ ಊರಿಗೆ ಬಂದ ಮೊದಲ ರಾತ್ರಿ ನಮಗೂ ಊಟ ಸೇರುವುದಿಲ್ಲ ಅಲ್ವಾ. ಮೊದಲ ದಿನ ಏನೂ ಹಾಕಬೇಡಿ. ತಿನ್ನದೇ ಉಳಿದ ಊಟ ಕೊಳೆತು ಅಮೋನಿಯಾ ಆಗುತ್ತದೆ.

ಎರಡನೇ ದಿನದಿಂದ ದಿನಕ್ಕೆ ಎರಡು ಸಲ, ಚಿಟಿಕೆಯಷ್ಟು. ಪೆಲೆಟ್ (ಒಣ ಗುಳಿಗೆ) ಅಲ್ಲ, ಫ್ರೀಜ್ ಮಾಡಿದ್ದನ್ನು ಕರಗಿಸಿದ ಮೈಸಿಸ್ ಅಥವಾ ಜೀವಂತ ಆರ್ಟೀಮಿಯಾ. ಎರಡೂ ಚಿಕ್ಕ ಸೀಗಡಿಯಂಥ ಜೀವಿಗಳು. ಅಲುಗಾಡುವ ಊಟಕ್ಕೆ ಹೆದರಿದ ಮೀನೂ ಬಾಯಿ ಹಾಕುತ್ತದೆ. ಆರ್ಟೀಮಿಯಾ ಮೊಟ್ಟೆಯನ್ನು ಖಾಲಿ ನೀರಿನ ಬಾಟಲಿಯಲ್ಲಿ ಉಪ್ಪುನೀರು ಹಾಕಿ, ಏರ್ ಪೈಪ್ ಬಿಟ್ಟರೆ ಒಂದರಿಂದ ಒಂದೂವರೆ ದಿನದಲ್ಲಿ ಮರಿಯಾಗುತ್ತದೆ. ಮಾರ್ಕೆಟ್ಟಿನ ಹಸಿ ಸೀಗಡಿಯನ್ನು ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಕೊಚ್ಚಿ ಹಾಕಿದರೂ ಆದೀತು. ಟ್ಯಾಂಗ್‌ಗೆ, ಫಾಕ್ಸ್‌ಫೇಸ್‌ಗೆ ಉಪ್ಪು ಖಾರ ಹಾಕದ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯನ್ನು ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಹಾಕಿ ದೂರ ಹೋಗಿ. ನೀವು ನೋಡುತ್ತಿರುವಾಗ ಅದು ತಿನ್ನುವುದಿಲ್ಲ.

ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದರೆ ಅದು ಒಳ್ಳೆಯ ಸೂಚನೆ. ಹಸಿವು ಬಂದಿದೆ, ಊಟದ ಗುರುತು ಸಿಕ್ಕಿಲ್ಲ. ಇನ್ನೂ ಚಿಕ್ಕದು ಮಾಡಿ. ತಿನ್ನುತ್ತಿದ್ದೂ ಬೆನ್ನು ಕತ್ತಿಯಂತೆ ಸಣಕಲಾಗುತ್ತಿದ್ದರೆ, ಮಲ ಬಿಳಿ ದಾರದಂತೆ ಜೋತಾಡುತ್ತಿದ್ದರೆ ಹೊಟ್ಟೆಯಲ್ಲಿ ಹುಳು ಇರಬಹುದು. ಅದಕ್ಕೆ ಊಟದಲ್ಲಿ ಬೆರೆಸುವ ಔಷಧಿ ಬೇಕು, ತಿಳಿದವರನ್ನು ಕೇಳಿ.

ಕೆಲವು ಮೀನಿನಲ್ಲಿ ದೋಷವೇ ಇಲ್ಲ, ಕೊಂಡದ್ದೇ ತಪ್ಪು. ಮ್ಯಾಂಡರಿನ್ ಬದುಕುವುದು ಕಲ್ಲಿನಲ್ಲಿ ಬೆಳೆಯುವ ಕೋಪೆಪಾಡ್ ಎಂಬ ಚುಕ್ಕಿಯಂಥ ಜೀವಿಗಳ ಮೇಲೆ. ಎರಡು ತಿಂಗಳ ಹೊಸ ಟ್ಯಾಂಕಿನಲ್ಲಿ ಅದು ನಿಮ್ಮ ಕಣ್ಣ ಮುಂದೆಯೇ ಹಸಿದು ಸೊರಗುತ್ತದೆ. ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಕೂಡ ಹಟಮಾರಿ. ಕ್ಲೌನ್ ಕೊಳ್ಳುವಾಗ ಟ್ಯಾಂಕಿನಲ್ಲೇ ಮರಿ ಮಾಡಿಸಿದ್ದು ಕೇಳಿ ತನ್ನಿ. ನಮ್ಮಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಳಿಂಞಂ ಕೇಂದ್ರದಲ್ಲಿ ಕ್ಲೌನ್ ಮರಿ ಮಾಡಿಸುವ ವಿಧಾನ ರೂಢಿಗೆ ಬಂದಿದೆ. ಹಾಗೆ ಹುಟ್ಟಿದ ಮೀನು ಗಾಜು, ಪೆಲೆಟ್, ಮನುಷ್ಯರ ಮುಖ ಎಲ್ಲ ಕಂಡೇ ಬೆಳೆದಿರುತ್ತದೆ. ಸಮುದ್ರದಿಂದ ಹಿಡಿದದ್ದು ಹಾಗಲ್ಲ. ಫಿಲಿಪೈನ್ಸ್, ಇಂಡೋನೇಷ್ಯಾ ಕಡೆ ಸಯನೈಡ್ ಎರಚಿ ಮಂಪರು ಬರಿಸಿ ಹಿಡಿದ ಮೀನುಗಳೂ ಮಾರಾಟಕ್ಕೆ ಬಂದಿವೆ.

ವಾರ ಕಳೆದರೂ ಒಂದು ತುತ್ತೂ ಇಲ್ಲ ಅಂದರೆ ಒಬ್ಬರೇ ಹೆಣಗಬೇಡಿ, ಸಹಾಯ ಕೇಳಿ.

ಹಳೇ ಮೀನು ಅಟ್ಟಾಡಿಸುತ್ತಿದೆ

ಹರಿದ ರೆಕ್ಕೆ, ಕಿತ್ತ ಹುರುಪೆ, ಮೇಲಿನ ಮೂಲೆಯಲ್ಲೋ ಹೀಟರ್ ಹಿಂದೆಯೋ ಒತ್ತಿಕೊಂಡಿರುವುದು. ಇದರ ಗುರುತು ಇಷ್ಟು. ಒಂದೆರಡು ದಿನ ಸಣ್ಣಪುಟ್ಟ ಜಗಳ ಇದ್ದದ್ದೇ. ಹೊಸದು ತಿನ್ನಲು ಹೊರಗೆ ಬರುತ್ತಿದೆಯೇ ಅನ್ನುವುದನ್ನು ನೋಡಿ. ಬರುತ್ತಿದ್ದರೆ ಬಿಡಿ.

ಬರುತ್ತಿಲ್ಲವಾದರೆ ಮೊದಲು ಲೈಟ್ ಆರಿಸಿ. ಆಮೇಲೆ ಜಗಳಗಂಟನ ಕಡೆಯ ಗಾಜಿಗೆ ಹೊರಗಿನಿಂದ ಒಂದು ಕನ್ನಡಿ ಒರಗಿಸಿ. ಟ್ಯಾಂಗ್‌ಗಳು ತಮ್ಮ ಪ್ರತಿಬಿಂಬದ ಜೊತೆ ದಿನವಿಡೀ ಹೋರಾಡುತ್ತಾ ಹೊಸದನ್ನು ಮರೆಯುತ್ತವೆ. ಅದೂ ಆಗದಿದ್ದರೆ ತೂತಿರುವ ಪಾರದರ್ಶಕ ಡಬ್ಬಿಯಲ್ಲಿ ಹೊಸ ಮೀನನ್ನು ಅದೇ ಟ್ಯಾಂಕಿನೊಳಗೆ ನಾಲ್ಕೈದು ದಿನ ಇಡಿ. ಮುಖ ಪರಿಚಯವಾಗಲಿ. ಎಷ್ಟೋ ಸಲ ಹಿಡಿಯಬೇಕಾದದ್ದು ಹೊಸದನ್ನಲ್ಲ, ಹಳೆಯದನ್ನು. ಜಗಳಗಂಟನನ್ನು ಎರಡು ವಾರ ಬೇರೆ ಇಟ್ಟು ಮತ್ತೆ ಬಿಟ್ಟರೆ ಈಗ ಅದೇ ಹೊಸಬ.

ಟ್ಯಾಂಕ್ ಪಳಗಿಸಲು (ಬ್ಯಾಕ್ಟೀರಿಯಾ ಬೆಳೆಸಲು) ಅಂತ ಮೊದಲು ಅಗ್ಗದ ಡ್ಯಾಮ್ಸೆಲ್ ಮೀನು ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಮೋನಿಯಾದಲ್ಲಿ ನರಳಿ ಉಳಿದದ್ದು ಆಮೇಲೆ ಇಡೀ ಟ್ಯಾಂಕು ತನ್ನದು ಅನ್ನುತ್ತದೆ. ಸಾಧು ಮೀನು ಮೊದಲು, ಜೋರು ಮೀನು ಕೊನೆಗೆ.

ಕಲ್ಲಿಗೆ ಮೈ ಉಜ್ಜುತ್ತಿದೆ, ಬಿಳಿ ಚುಕ್ಕಿ, ಬೂದಿ, ಲೋಳೆ

ದಿನಕ್ಕೆ ಒಂದೆರಡು ಸಲ ಉಜ್ಜಿದರೆ ಪರವಾಗಿಲ್ಲ. ಗಂಟೆಗೆ ಹತ್ತು ಸಲ ಆದರೆ ಪರೋಪಜೀವಿ ಇದೆ. ಬಿಳಿ ಲೈಟ್ ಹಾಕಿ, ಪಕ್ಕದಿಂದ ಓರೆಯಾಗಿ ನೋಡಿ. ನೀಲಿ ಲೈಟಿನಲ್ಲಿ ಏನೂ ತಿಳಿಯುವುದಿಲ್ಲ.

ಎಣಿಸಬಹುದಾದ, ಪುಡಿ ಉಪ್ಪಿನ ಕಾಳಿನಂಥ ಚುಕ್ಕಿ ಇದ್ದು ಮೀನು ಇನ್ನೂ ತಿನ್ನುತ್ತಿದ್ದರೆ ಅದು ಮರೈನ್ ಇಕ್ ಎಂಬ ಪರೋಪಜೀವಿ. ಮೂರರಿಂದ ಏಳು ದಿನದಲ್ಲಿ ಚುಕ್ಕಿ ತಾನಾಗಿ ಉದುರುತ್ತದೆ. ಜನ ವಾಸಿಯಾಯಿತು ಅಂತ ಖುಷಿಪಡುತ್ತಾರೆ. ಅದು ಮರಳಿಗೆ ಬಿದ್ದು ಮರಿ ಹಾಕುತ್ತಿರುತ್ತದೆ ಅಷ್ಟೇ, ಮುಂದಿನ ಸಲ ಹತ್ತಾರು ಪಟ್ಟು ಬರುತ್ತದೆ.

ಎಣಿಸಲಾಗದಷ್ಟು ಸಣ್ಣ, ಜರಡಿ ಹಿಡಿದ ಹಿಟ್ಟು ಉದುರಿಸಿದಂಥ ಬೂದಿ, ಏದುಸಿರು, ಬೆಳಕು ಕಂಡರೆ ಓಡುವುದು, ವೇವ್‌ಮೇಕರ್ ಎದುರು ಪ್ರವಾಹಕ್ಕೆ ಮುಖ ಕೊಟ್ಟು ನಿಲ್ಲುವುದು. ಇದು ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿ. ಮೊದಲು ಹತ್ತುವುದು ಕಿವಿರಿಗೆ, ಮೈಮೇಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಉಸಿರಿನ ಚೀಟಿ ಇಲ್ಲಿ ಜೀವ ಉಳಿಸುತ್ತದೆ. ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ.

ಕ್ಲೌನ್ ಮೀನಿನ ಮೈಯಿಂದ ಗಂಜಿಯ ಕೆನೆಯಂಥ ಲೋಳೆ ಕಿತ್ತು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಪರೋಪಜೀವಿ. ಇದಕ್ಕೆ ತಾಮ್ರದ ಔಷಧಿ ಕೆಲಸ ಮಾಡುವುದಿಲ್ಲ, ಫಾರ್ಮಲಿನ್ ಬೇಕು. ಕ್ರೋಮಿಸ್ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯುರೋನೀಮಾ, ಉಳಿಯುವುದು ಕಷ್ಟ.

ಇವೆಲ್ಲಕ್ಕೂ ಮೊದಲ ಹೆಜ್ಜೆ ಒಂದೇ: ಮೀನನ್ನು ಬೇರೆ ಟ್ಯಾಂಕಿಗೆ ಹಾಕುವುದು. 60 ಲೀಟರಿನ ಬರಿಯ ಗಾಜಿನ ಟ್ಯಾಂಕ್, ಸ್ಪಂಜ್ ಫಿಲ್ಟರ್, ಹೀಟರ್, ಎರಡು ಪೈಪ್ ತುಂಡು. ಮರಳು, ಕಲ್ಲು ಬೇಡ, ಅವು ಔಷಧಿಯನ್ನು ಹೀರುತ್ತವೆ. ಇಕ್ ಮತ್ತು ವೆಲ್ವೆಟ್‌ಗೆ ತಾಮ್ರ. ಬಾಟಲಿಯ ಮೇಲಿನ ಅಳತೆಯಂತೆ, ಅದೇ ಜಾತಿಯ ತಾಮ್ರ ಅಳೆಯುವ ಟೆಸ್ಟ್ ಕಿಟ್ ಕೈಯಲ್ಲಿಟ್ಟುಕೊಂಡು, ಪೂರ್ತಿ 30 ದಿನ. ಕಿಟ್ ಇಲ್ಲದೆ ತಾಮ್ರ ಹಾಕಬೇಡಿ. ಕಡಿಮೆಯಾದರೆ ಪರೋಪಜೀವಿ ಸಾಯುವುದಿಲ್ಲ, ಹೆಚ್ಚಾದರೆ ಮೀನು ಸಾಯುತ್ತದೆ. ಹವಳ, ಸೀಗಡಿ ಇರುವ ಮುಖ್ಯ ಟ್ಯಾಂಕಿಗೆ ತಾಮ್ರ ಎಂದೆಂದಿಗೂ ಬೇಡ. ಆ ಟ್ಯಾಂಕನ್ನು 76 ದಿನ ಒಂದೂ ಮೀನಿಲ್ಲದೆ ಬಿಡಬೇಕು, ಆಗ ಇಕ್ ತಿನ್ನಲು ಏನೂ ಸಿಗದೆ ಅಳಿಯುತ್ತದೆ. ಖಾಲಿ ಟ್ಯಾಂಕ್ ನೋಡುವುದು ಬೇಜಾರು ಅಂತ ನನಗೂ ಗೊತ್ತು.

ಫಾರ್ಮಲಿನ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಅದು ಕ್ಯಾನ್ಸರ್ ತರುವ ರಾಸಾಯನಿಕ. ಮುಚ್ಚಿದ ಕೋಣೆಯಲ್ಲಿ, ಮಕ್ಕಳಿರುವ ಕಡೆ, ಗ್ಲೌಸ್ ಮತ್ತು ಕನ್ನಡಕ ಇಲ್ಲದೆ ಮುಟ್ಟಬೇಡಿ. ಮಾಡಿ ಅಭ್ಯಾಸ ಇರುವವರು ಪಕ್ಕದಲ್ಲಿ ಇಲ್ಲದಿದ್ದರೆ ಮೊದಲ ಸಲ ಮಾಡಲೇಬೇಡಿ.

ಔಷಧಿ ಸಿಗುವ ತನಕ ಸ್ವಲ್ಪ ಉಸಿರು ಕೊಡಲು ಸಿಹಿನೀರಿನ ಸ್ನಾನ ಇದೆ. ಆರ್‌ಒ ನೀರಿಗೆ ಒಂದು ಗಂಟೆ ಗಾಳಿ ಬಿಟ್ಟು, ಟ್ಯಾಂಕಿನಷ್ಟೇ ಬಿಸಿ ಮಾಡಿ, ಚಿಟಿಕೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಾ ಪಿಎಚ್ ಸರಿಹೊಂದಿಸಿ, ಐದು ನಿಮಿಷ. ಮೀನು ಮೊದಲ ಅರ್ಧ ನಿಮಿಷ ಎಗರಾಡಿ ಸುಮ್ಮನಾಗುತ್ತದೆ. ಪಕ್ಕಕ್ಕೆ ವಾಲಿ ಉಸಿರೇ ನಿಂತಂತೆ ಕಂಡರೆ ತಕ್ಷಣ ಹೊರಗೆ ತೆಗೆಯಿರಿ. ಬಟ್ಟಲಿನ ತಳದಲ್ಲಿ ಎಳ್ಳಿನಂಥ ಬಿಳಿ ಚೂರು ಬಿದ್ದಿದ್ದರೆ ಅದು ಫ್ಲೂಕ್ ಹುಳು. ಕಾಯಿಲೆ ಯಾವುದು ಅಂತಲೂ ಗೊತ್ತಾದಂತಾಯಿತು, ಅದಕ್ಕೆ ಪ್ರಾಜಿಕ್ವಾಂಟೆಲ್ ಔಷಧಿ.

ತಲೆ ಕೆಳಗೆ, ಬಾಲ ಮೇಲೆ, ತೇಲುತ್ತಿದೆ

ಆಳದಿಂದ ಬೇಗ ಮೇಲೆತ್ತಿದ ಆಂಥಿಯಾಸ್‌ನಂಥ ಮೀನುಗಳಲ್ಲಿ ಹೀಗೆ ಕಾಣುತ್ತದೆ. ಹೊಟ್ಟೆಯ ಗಾಳಿಚೀಲ ಉಬ್ಬಿರುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆಯುವ ವಿಡಿಯೊ ನೋಡಿ ಕೈ ಹಾಕಬೇಡಿ. ಪ್ರವಾಹ ಕಡಿಮೆ ಇರುವ ಜಾಗ ಕೊಡಿ, ತಿನ್ನುತ್ತಿದೆಯೇ ನೋಡಿ. ಒಂದೇ ಕಣ್ಣು ಉಬ್ಬಿದ್ದರೆ ಹೆಚ್ಚಾಗಿ ತಾಗಿದ ಪೆಟ್ಟು, ಶುದ್ಧ ನೀರಿನಲ್ಲಿ ವಾರದಲ್ಲಿ ಇಳಿಯುತ್ತದೆ. ಎರಡೂ ಉಬ್ಬಿದ್ದರೆ ಒಳಗೆ ಸೋಂಕು.

ಇನ್ನು ನಿಲ್ಲಿಸಿ, ಸಹಾಯ ಕೇಳಿ

ಆರು ಗಂಟೆ ಕಾಲ ಉಸಿರು ಏರುತ್ತಲೇ ಹೋದರೆ. ಒಂದೇ ದಿನದಲ್ಲಿ ಎರಡನೇ ಮೀನೂ ಮಂಕಾದರೆ. ಒಂದು ಔಷಧಿ ಹಾಕಿಯೂ ಆಗದೆ ಇನ್ನೊಂದು ಬಾಟಲಿಗೆ ಕೈ ಹೋಗುತ್ತಿದ್ದರೆ. ಈ ಮೂರರಲ್ಲಿ ಯಾವುದಾದರೂ ಆದರೆ ನೀವಾಗಿಯೇ ಮುಂದುವರಿಯಬೇಡಿ. ಎರಡು ಔಷಧಿ ಬೆರೆತರೆ ನೀರಿನ ಆಮ್ಲಜನಕವೇ ಇಳಿದು ಮೀನು ಸಾಯಬಹುದು.

ನಿಮ್ಮೂರಿನಲ್ಲಿ ವರ್ಷಗಟ್ಟಲೆ ಮರೈನ್ ಇಟ್ಟವರೊಬ್ಬರ ನಂಬರ್ ಮೊದಲೇ ಇಟ್ಟುಕೊಳ್ಳಿ. ಜಲಜೀವಿಗಳನ್ನು ನೋಡುವ ಪಶುವೈದ್ಯರು ಕಡಿಮೆ, ಆದರೂ ವಿಚಾರಿಸಿ. ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದಲ್ಲಿ ಮೀನಿನ ಕಾಯಿಲೆಯ ಬಗ್ಗೆಯೇ ಓದಿದವರಿದ್ದಾರೆ.

ಫೋನ್ ಮಾಡುವ ಮೊದಲು ಇವನ್ನು ಬರೆದಿಟ್ಟುಕೊಳ್ಳಿ: ಮೀನು ಬಂದ ದಿನ, ಅಂಗಡಿಯ ನೀರಿನ ಉಪ್ಪು ಮತ್ತು ನಿಮ್ಮ ಟ್ಯಾಂಕಿನ ಉಪ್ಪು, ಬಿಸಿ, ಅಮೋನಿಯಾ, ಪಿಎಚ್, ಟ್ಯಾಂಕಿಗೆ ಎಷ್ಟು ತಿಂಗಳಾಯಿತು, ಈವರೆಗೆ ನೀರಿಗೆ ಏನೇನು ಹಾಕಿದ್ದೀರಿ. ಕೊನೆಯದನ್ನು ಮುಚ್ಚಿಡಬೇಡಿ. ಗಾಜಿಗೆ ಅಂಟಿಸಿದ ಉಸಿರಿನ ಚೀಟಿಯ ಫೋಟೊ ತೆಗೆಯಿರಿ. ಬಿಳಿ ಲೈಟ್ ಹಾಕಿ, ಮೊಬೈಲನ್ನು ಗಾಜಿಗೆ ಸಮನಾಗಿ ಹಿಡಿದು, ಮೀನಿನ ಪಕ್ಕೆ ಕಾಣುವಂತೆ ಮೂವತ್ತು ಸೆಕೆಂಡು ವಿಡಿಯೊ ಮಾಡಿ. ನೋಡುವವರು ಕಿವಿರು ಎಣಿಸಲು ಅಷ್ಟು ಬೇಕು.